ಗ್ಯಾಸ್ ವಾಸನೆ ಬಂದ್ರೆ ಓಡ್ಬೇಕಾ, ಒಳಗಿರ್ಬೇಕಾ?

ಪ್ರಶ್ನೆ: ನಮ್ಮನೆ ಮುಂಬೈ ಹತ್ರದ ಡೊಂಬಿವ್ಲಿಯ ಎಂಐಡಿಸಿ (ಕಾರ್ಖಾನೆಗಳ ಪ್ರದೇಶ) ಪಕ್ಕ ಸರ್, ನೆಲಮಹಡಿ. ಮೊನ್ನೆ ರಾತ್ರಿ ಮೂಗು ಸುಡೋ ವಾಸನೆ ಬಂತು, ಅತ್ತೆ ಕಿಟಕಿ ಮುಚ್ಚು ಅಂದ್ರು, ಮೇಲಿನ ಮನೆ ಕಾಕು ಕೆಳಗಿಳಿದು ಬಂದು ಹೊರಗೆ ಓಡಿ ಅಂದ್ರು. ಯಾರ್ ಮಾತು ಕೇಳೋದು?
– ಒಬ್ಬ ಓದುಗಿ

ಉತ್ತರ: ಗ್ಯಾಸ್ ಹೊರಗಿಂದ ಬರ್ತಿದ್ರೆ ಅತ್ತೆ ಮಾತೇ ಸರಿ ಕಣಮ್ಮ. ಕಿಟಕಿ, ಎಕ್ಸಾಸ್ಟ್, ಎಸಿ ಎಲ್ಲಾ ಬಂದ್ ಮಾಡಿ ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ, 112ಕ್ಕೆ ಫೋನ್ ಮಾಡಿ. ಮೂಗು ಸುಡೋ ಇಂಥ ಗ್ಯಾಸಲ್ಲಿ ಒಂದು ಕ್ಲೋರಿನ್, ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ನೆಲಕ್ಕಂಟಿಕೊಂಡೇ ಹರಿಯತ್ತೆ, ಅದಕ್ಕೇ ಹೊರಗೆ ಓಡೋ ಬದ್ಲು ನೀವೇ ಕಾಕು ಮನೆಗೆ ಹತ್ತಿ! 2010ರ ಜುಲೈಯಲ್ಲಿ ಮುಂಬೈನ ಶಿವಡಿ ಬಂದರಿನಲ್ಲಿ ಹಳೇ ಸಿಲಿಂಡರ್ ಸೋರಿದಾಗ ಇದೇ ಕ್ಲೋರಿನ್, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ರು. ಅಧಿಕಾರಿಗಳು ಜಾಗ ಖಾಲಿ ಮಾಡಿ ಅಂದ್ರೆ ಮಾತ್ರ ಹೊರಡಿ, ಗಾಳಿಗೆ ಅಡ್ಡಲಾಗಿ ನಡೀರಿ, ಗಾಳಿ ಹೋಗೋ ದಿಕ್ಕಿಗಲ್ಲ.

ಮೈಗೆ ತಾಗಿದ್ರೆ ಮೊದ್ಲು ಬಟ್ಟೆ ಬಿಚ್ಚಿ, ಟೀಶರ್ಟಾದ್ರೆ ತಲೆ ಮೇಲಿಂದ ಎಳೀಬೇಡಿ, ಕತ್ತರೀಲಿ ಕತ್ತರಿಸಿ, ಆಮೇಲೆ ಸೋಪು ನೀರು. 1995ರಲ್ಲಿ ಟೋಕಿಯೋ ಮೆಟ್ರೋದಲ್ಲಿ ಬೇಕಂತ್ಲೇ ಸರಿನ್ ಅನ್ನೋ ವಿಷ ಬಿಟ್ಟಾಗ ರೋಗಿಗಳ ಬಟ್ಟೆಯಿಂದ್ಲೇ ಡಾಕ್ಟರು ನರ್ಸುಗಳಿಗೂ ತೊಂದ್ರೆ ಆಗಿತ್ತು. ಉಸಿರು ಕಟ್ಟಿದ್ರೆ, ಕಣ್ಣುರಿ ನಿಲ್ದಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ.

ಹಾಂ, ಬಾತ್‌ರೂಮ್ ತೊಳೆಯುವಾಗ ಆಸಿಡ್‌ಗೆ ಬ್ಲೀಚ್ ಬೆರೆಸಿದ್ರೂ ಹುಟ್ಟೋದು ಇದೇ ಕ್ಲೋರಿನ್ನೇ, ಅದಕ್ಕೆ ಮಾತ್ರ ಕಿಟಕಿ ತೆಗ್ದು ಹೊರಗೆ ಓಡಿ.