ಸರ್ಪಸುತ್ತಿನ ನಂತರ ಮಾತು ತಪ್ಪುತ್ತಿದ್ದರೆ ಅದು ನಿಶ್ಶಕ್ತಿಯೇ?

ಡೊಂಬಿವಲಿಯಲ್ಲಿರುವ ನಿಮ್ಮ 66 ವರ್ಷದ ತಂದೆಯವರಿಗೆ ಹತ್ತು ದಿನಗಳ ಹಿಂದೆ ಹಣೆಯ ಮೇಲೆ ಸರ್ಪಸುತ್ತು ಆಗಿತ್ತೆಂದೂ, ನಿನ್ನೆಯಿಂದ ಜ್ವರ, ತಲೆನೋವಿನ ಜೊತೆಗೆ ಏನೇನೋ ಮಾತನಾಡುತ್ತಿದ್ದಾರೆಂದೂ, ಮನೆಯವರು ಅದನ್ನು ನಿಶ್ಶಕ್ತಿ ಎನ್ನುತ್ತಿದ್ದಾರೆಂದೂ ಬರೆದು, ಈ ವೈರಸ್ ಮಿದುಳಿಗೆ ಹೋಗುವುದುಂಟೇ ಎಂದು ಕೇಳಿದ್ದೀರಿ.

ಉಂಟು. ಅಪರೂಪ, ಆದರೆ ಉಂಟು. ಆದ್ದರಿಂದ ಈ ಉತ್ತರವನ್ನು ಪೂರ್ತಿ ಓದುವ ಮೊದಲೇ ಅವರನ್ನು ನರರೋಗ ತಜ್ಞರೂ ಐಸಿಯು ಸೌಲಭ್ಯವೂ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ. ಬೆಳಗಾಗಲಿ, ನೋಡೋಣ ಎನ್ನುವ ಕಾಯಿಲೆ ಇದಲ್ಲ. ನಾನು ವೈದ್ಯೆಯಲ್ಲ. ಪುಣೆಯಲ್ಲಿ ನಮ್ಮ ಜೊತೆಗಿರುವ ಮಾವನವರಿಗೆ ಎರಡು ವರ್ಷಗಳ ಹಿಂದೆ ಇದೇ ಆದಾಗ ಅವರ ಹಾಸಿಗೆಯ ಪಕ್ಕದಲ್ಲಿ ಹದಿನಾಲ್ಕು ದಿನ ಕುಳಿತವಳು, ಅಷ್ಟೇ.

ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ಆದಾಗ ಒಳಹೊಕ್ಕ ವೈರಸ್ಸು ಮೈಮೇಲಿನ ಗುಳ್ಳೆ ಮಾಸಿದ ಮೇಲೂ ದೇಹ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ಮತ್ತು ತಲೆಯ ನರಗಂಟುಗಳಲ್ಲಿ ದಶಕಗಟ್ಟಲೆ ಅಡಗಿದ್ದು, ವಯಸ್ಸಾದಾಗಲೋ, ಸ್ಟಿರಾಯ್ಡ್ ಅಥವಾ ಕ್ಯಾನ್ಸರ್ ಔಷಧಿಯಿಂದ ರೋಗನಿರೋಧಕ ಶಕ್ತಿ ಕುಗ್ಗಿದಾಗಲೋ ಮತ್ತೆ ಏಳುತ್ತದೆ. ಎದ್ದದ್ದು ನರದ ಗುಂಟ ಚರ್ಮಕ್ಕೆ ಬಂದರೆ ಸರ್ಪಸುತ್ತು. ಮಿದುಳಿಗೆ ಹೋದರೆ ಮಿದುಳಿನ ಉರಿಯೂತ. ಹಣೆ, ಕಣ್ಣು, ಕಿವಿಯ ಸುತ್ತ ಎದ್ದಾಗ ಹೆಚ್ಚು ಎಚ್ಚರ ಬೇಕು. ಕೆಲವರಲ್ಲಿ ಗುಳ್ಳೆಯೇ ಏಳದೆ ಮಿದುಳಿಗೆ ತಗಲುವುದೂ ಇದೆ.

ಮಾವನವರಿಗೆ ಎಡಹುಬ್ಬಿನ ಮೇಲೆ ಎದ್ದಿತ್ತು. ನಮ್ಮ ಕಟ್ಟಡದ ಅಜ್ಜಿಯೊಬ್ಬರು ಇದು ನಾಗೀಣ್ (ಮರಾಠಿಯಲ್ಲಿ ಸರ್ಪಸುತ್ತಿನ ಹೆಸರು), ತಲೆ ಬಾಲ ಕೂಡಿದರೆ ಜೀವಕ್ಕೆ ಅಪಾಯ ಎಂದು ಹೆದರಿಸಿ, ಕಾವಿ ಹಚ್ಚಿಸಲು ಹೇಳಿದರು. ವಾಸ್ತವದಲ್ಲಿ ಈ ಗುಳ್ಳೆಗಳು ಒಂದೇ ನರದ ಹರವಿನಲ್ಲಿ ಎದ್ದು ಸಾಮಾನ್ಯವಾಗಿ ಮೈಯ ನಡುಗೆರೆಯಲ್ಲೇ ನಿಂತುಬಿಡುತ್ತವೆ, ಕೂಡುವ ಮಾತೇ ಇಲ್ಲ. ಗುಳ್ಳೆ ಕಂಡ 72 ಗಂಟೆಯೊಳಗೆ ಶುರುವಾಗಬೇಕಿದ್ದ, ವೈರಸ್ ತಡೆಯುವ ಮಾತ್ರೆಯನ್ನು ನಾವು ಐದನೆಯ ದಿನ ತಂದೆವು.

ಒಂಬತ್ತನೆಯ ದಿನ ಬೆಳಿಗ್ಗೆ ಅವರು ನೀರಿನ ತಂಬಿಗೆಯತ್ತ ಕೈ ತೋರಿಸಿ, “ಆ ಕೀಲಿ ಕೊಡವಾ” ಎಂದರು. ನಾನು ನಕ್ಕೆ. ಸ್ವಲ್ಪ ಹೊತ್ತಿಗೆ ಅಂಗಿಯ ಮೇಲಿನ ಗುಂಡಿಯನ್ನು ಕೆಳಗಿನ ಕಾಜಿಗೆ ಹಾಕಲು ಹೆಣಗುತ್ತ ಕುಳಿತದ್ದನ್ನು ನೋಡಿದಾಗ ನಗು ನಿಂತಿತು.

ಇಲ್ಲಿ ಮಹಾರಾಷ್ಟ್ರದಲ್ಲಿರುವ ಕನ್ನಡಿಗರಿಗೆಲ್ಲ ನಾನು ಮುಖ್ಯವಾಗಿ ಹೇಳಬೇಕಾದದ್ದು ಮುಂದಿನ ಸಂಗತಿ. ನಾವು ಮೊದಲು ಹೋದ ಆಸ್ಪತ್ರೆಯಲ್ಲಿ ಕಿರಿಯ ವೈದ್ಯರು ಮರಾಠಿಯಲ್ಲಿ, ಆಮೇಲೆ ಹಿಂದಿಯಲ್ಲಿ ಹೆಸರು, ವಾರ ಕೇಳಿದರು. ವಿಜಯಪುರದಿಂದ ಬಂದ ಮಾವನವರು ಕನ್ನಡದಲ್ಲಿ ಏನೋ ಹೇಳಿದರು. ವೈದ್ಯರು ಇದನ್ನು ಭಾಷೆಯ ತೊಡಕೆಂದು ತಿಳಿದು, ಸಲೈನ್ ಹಾಕಿಸಿ ಮನೆಗೆ ಕಳುಹಿಸಿದರು. ಮಾವನವರ ಕನ್ನಡವೇ ಕೆಟ್ಟಿದೆ ಎಂಬುದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು, ನಾನು ಬಾಯಿ ಬಿಡಲಿಲ್ಲ. ಸಂಜೆ ಇನ್ನೊಂದು ಆಸ್ಪತ್ರೆಯಲ್ಲಿ ನರರೋಗ ತಜ್ಞರು ನನ್ನನ್ನೇ ದುಭಾಷಿಯಾಗಿ ನಿಲ್ಲಿಸಿಕೊಂಡು, ಪೆನ್ನು ತೋರಿಸಿ ಕೇಳಿಸಿದರು: ಕೀಲಿ. ಕೈಗಡಿಯಾರ ತೋರಿಸಿದರು: ಅದೂ ಕೀಲಿ. ಮತ್ತೇನೂ ಕೇಳದೆ ದಾಖಲು ಮಾಡಿಕೊಂಡರು.

ಎಂಆರ್‌ಐ ಮಾಡುತ್ತಾರೆ, ಆದರೆ ಅದು ಸರಿಯಾಗಿಯೇ ಕಂಡರೂ ಈ ರೋಗ ಇಲ್ಲವೆಂದಲ್ಲ. ನಿರ್ಣಾಯಕವಾದದ್ದು ಮಿದುಳು, ಬೆನ್ನುಹುರಿಯ ಸುತ್ತಲಿರುವ ನೀರನ್ನು ಬೆನ್ನಿನಿಂದ ತೆಗೆದು, ಅದರಲ್ಲಿ ವೈರಸ್ ಇದೆಯೇ ಎಂದು ನೋಡುವ ಪಿಸಿಆರ್ ಪರೀಕ್ಷೆ. ಬೆನ್ನಿಗೆ ಸೂಜಿ ಚುಚ್ಚಿದರೆ ಲಕ್ವ ಹೊಡೆಯುತ್ತದೆಂದು ನಮ್ಮ ಮನೆಯಲ್ಲೂ ಗಲಾಟೆಯಾಯಿತು. ಬೆನ್ನುಹುರಿ ಮುಗಿದ ಮೇಲೆ, ಅದಕ್ಕಿಂತ ಕೆಳಗೆ ಸೂಜಿ ಹಾಕುತ್ತಾರೆಂದು ತಿಳಿದ ಮೇಲೆ ತಣ್ಣಗಾಯಿತು. ವರದಿಗಾಗಿ ಕಾಯದೆಯೇ ಅಸೈಕ್ಲೋವಿರ್ ಎಂಬ ವೈರಸ್ ತಡೆಯುವ ಔಷಧಿ ಶುರುಮಾಡುತ್ತಾರೆ. ಮಾತ್ರೆ ಇಲ್ಲಿ ಸಾಲದು, ರಕ್ತನಾಳದ ಮೂಲಕವೇ ಕೊಡಬೇಕು: ಸಾಮಾನ್ಯವಾಗಿ ದೇಹತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂನಂತೆ, ಎಂಟು ಗಂಟೆಗೊಮ್ಮೆ, 10ರಿಂದ 14 ದಿನ. ಈ ಔಷಧಿ ಮೂತ್ರಪಿಂಡದಲ್ಲಿ ಹರಳುಗಟ್ಟಬಹುದಾದ್ದರಿಂದ ನಿಧಾನವಾಗಿ, ಸಾಕಷ್ಟು ಸಲೈನ್ ಜೊತೆಗೆ ಹರಿಸಿ, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತೋರಿಸುವ ಅಂಶ) ನೋಡುತ್ತಿರುತ್ತಾರೆ. ನಿಮ್ಮ ತಂದೆಯವರಿಗೆ ಕಿಡ್ನಿ ತೊಂದರೆಯಿದ್ದರೆ ಬಾಗಿಲಲ್ಲೇ ಹೇಳಿ, ಈಗ ನುಂಗುತ್ತಿರುವ ಸರ್ಪಸುತ್ತಿನ ಮಾತ್ರೆಗಳನ್ನೂ ತೋರಿಸಿ. ಕಿಡ್ನಿ ದುರ್ಬಲವಾಗಿದ್ದಾಗ ಆ ಔಷಧಿಯೇ ದೇಹದಲ್ಲಿ ಕೂಡಿಕೊಂಡು ಗೊಂದಲದ ಮಾತು ತರಿಸುವುದೂ ಉಂಟು.

ಗುಣವಾಗುತ್ತದೆಯೇ ಎಂದೂ ಕೇಳಿದ್ದೀರಿ. ಆಸ್ಪತ್ರೆ ಸೇರಿದ ನಾಲ್ಕನೆಯ ದಿನ ಮಾವನವರು ತಂಬಿಗೆಯನ್ನು ತಂಬಿಗೆ ಎಂದರು. ಮನೆಗೆ ಬಂದರು, ಓಡಾಡಿದರು, ನೋಡಿದವರೆಲ್ಲ ಪೂರ್ತಿ ಗುಣ ಎಂದರು. ಆದರೆ ಯಾವ ಎಲೆ ಬಿದ್ದು ಹೋಯಿತೆಂದು ನೆನಪಿರದ ಕಾರಣ ಐದು ತಿಂಗಳು ಇಸ್ಪೀಟಿಗೆ ಕೂಡಲಿಲ್ಲ. ಎಲ್ಲರೂ ಇಷ್ಟಾದರೂ ಚೇತರಿಸಿಕೊಳ್ಳುತ್ತಾರೆಂದು ನಾನು ಹೇಳಲಾರೆ. ಕೆಲವರಿಗೆ ಮರೆವು ಉಳಿಯುತ್ತದೆ, ಕೆಲವರು ಉಳಿಯುವುದಿಲ್ಲ. ಇದೇ ವೈರಸ್ ಮಿದುಳಿನ ರಕ್ತನಾಳಗಳಿಗೂ ತಗುಲಿ ವಾರಗಳ ನಂತರ ಪಾರ್ಶ್ವವಾಯು ತರಬಲ್ಲದು, ಆದ್ದರಿಂದ ಬಿಡುಗಡೆಯಾದ ಮೇಲೂ ತೋರಿಸುತ್ತಿರಬೇಕು. ಐವತ್ತು ದಾಟಿದವರಿಗೆ ಸರ್ಪಸುತ್ತು ತಡೆಯುವ ಎರಡು ಡೋಸಿನ ಲಸಿಕೆ ಭಾರತದಲ್ಲಿ 2023ರಿಂದ ಸಿಗುತ್ತಿದೆ; ನಿಮ್ಮ ತಾಯಿಯವರ ವಿಷಯದಲ್ಲಿ ಆಮೇಲೆ ವೈದ್ಯರನ್ನು ವಿಚಾರಿಸಿ.

ಈಗ ಆಸ್ಪತ್ರೆಯ ಬಾಗಿಲಲ್ಲಿ ಹೇಳಬೇಕಾದದ್ದು ಇಷ್ಟು: “ದಹಾ ದಿವಸಾಂಪೂರ್ವೀ ನಾಗೀಣ್ ಝಾಲೀ ಹೋತೀ, ಆತಾ ಬರಳತ್ ಆಹೇತ್.” ಅಂದರೆ, ಹತ್ತು ದಿನಗಳ ಹಿಂದೆ ಸರ್ಪಸುತ್ತು ಆಗಿತ್ತು, ಈಗ ಏನೇನೋ ಬಡಬಡಿಸುತ್ತಿದ್ದಾರೆ. ಅದರ ಜೊತೆಗೆ, ಅವರು ಕನ್ನಡದಲ್ಲೂ ತಪ್ಪು ಮಾತನಾಡುತ್ತಿದ್ದಾರೆ ಎಂಬುದನ್ನು ಬಿಡದೆ ಹೇಳಿ.