ಕೆಂಪು ಆಯಿಲ್ ತೊಟ್ಟಿಕ್ಕಿದ ಮಾತ್ರಕ್ಕೆ ಗೇರ್‌ಬಾಕ್ಸ್ ಇಳಿಸಬೇಡಿ

ಹಳೆ ಆಟೊಮ್ಯಾಟಿಕ್ ಗಾಡಿಗಳ ಬಗ್ಗೆ ಬರುವ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. "ಆಯಿಲ್ ಲೀಕ್ ಆಗ್ತಿದೆ, ಎಷ್ಟು ಖರ್ಚಾಗುತ್ತೆ?" ಎಲ್ಲಿಂದ ಲೀಕ್ ಅಂತ ಮಾತ್ರ ಯಾರೂ ಬರೆಯುವುದಿಲ್ಲ. ಕಾರಣ ಸುಲಭ, ಯಾರೂ ಬಗ್ಗಿ ನೋಡಿರುವುದಿಲ್ಲ. ಈ ಸಲ ಒಬ್ಬರು ಸ್ವಲ್ಪ ವಿವರವಾಗಿ ಬರೆದಿದ್ದಾರೆ. ಹಾಗಾಗಿ ಜಾಸ್ತಿ ಜಾಗ ಅವರಿಗೇ.

ಪ್ರಶ್ನೆ: ನನ್ನದು 2001ರ ಮರ್ಸಿಡಿಸ್ ಇ-ಕ್ಲಾಸ್, ಡಬ್ಲ್ಯು210. ಐದು ಗೇರಿನ ಆಟೊಮ್ಯಾಟಿಕ್. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ನೆಲದ ಮೇಲೆ ಕೆಂಪು ಆಯಿಲ್. ಒಮ್ಮೊಮ್ಮೆ ಗಾಡಿ ಎರಡನೇ ಗೇರಿನಲ್ಲೇ ನಿಂತುಬಿಡುತ್ತದೆ, ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಒಬ್ಬ ಮೆಕ್ಯಾನಿಕ್ ಗೇರ್‌ಬಾಕ್ಸ್ ತಳದ ಆಯಿಲ್ ಪ್ಯಾನಿನ ಗ್ಯಾಸ್ಕೆಟ್ ಬದಲಿಸಿ ಸುತ್ತ ಸಿಲಿಕೋನ್ ಬಳಿದರು. ಲೀಕ್ ನಿಲ್ಲಲಿಲ್ಲ. ಇನ್ನೊಬ್ಬರು ಗೇರ್‌ಬಾಕ್ಸ್ ಇಳಿಸಿ ಓವರ್‌ಹಾಲ್ ಮಾಡಲೇಬೇಕು ಅನ್ನುತ್ತಾರೆ. ಏನು ಮಾಡಲಿ ಸರ್? (ಮೈಸೂರಿನ ಓದುಗರು)

ಇಳಿಸಬೇಡಿ. ಓವರ್‌ಹಾಲ್ ಅಂದವರು ಗಾಡಿ ಕೆಳಗೆ ಲೈಟ್ ಹಿಡಿದು ನೋಡಿದರಾ? ನೆಲದ ಮೇಲಿನ ಕಲೆ ನೋಡಿಯೇ ತೀರ್ಪು ಕೊಟ್ಟಿದ್ದರೆ ಅವರ ಹತ್ತಿರ ಮತ್ತೆ ಹೋಗಬೇಡಿ.

ನಿಮ್ಮ ಗಾಡಿಯಲ್ಲಿರುವುದು 1996ರಲ್ಲಿ ಬಂದ 722.6 ಗೇರ್‌ಬಾಕ್ಸ್. ಗಟ್ಟಿ ಪೆಟ್ಟಿಗೆ. ಆದರೆ ಇಪ್ಪತ್ತು ವರ್ಷ ದಾಟಿದ ರಬ್ಬರ್ ಯಾವ ಗಾಡಿಯಲ್ಲಿದ್ದರೂ ಕಲ್ಲಾಗುತ್ತದೆ. ನೀವು ಹೇಳಿದ ಎರಡು ಲಕ್ಷಣ, ಅಂದರೆ ಲೀಕ್ ಮತ್ತು ಎರಡನೇ ಗೇರಿನಲ್ಲಿ ನಿಲ್ಲುವುದು, ಒಟ್ಟಿಗೆ ಬಂದಾಗ ನಾನು ಮೊದಲು ನೋಡುವುದು ಪ್ಯಾನ್ ಅಲ್ಲ, ಪಕ್ಕದ ವೈರ್ ಸಾಕೆಟ್.

ಗೇರ್‌ಬಾಕ್ಸಿನ ಬಲಬದಿಯಲ್ಲಿ, ಪ್ಯಾನಿಗೆ ಸ್ವಲ್ಪ ಮೇಲೆ, 13 ಪಿನ್ನಿನ ಒಂದು ಪ್ಲಗ್ ಇದೆ. ಒಳಗಿನ ಸೊಲೆನಾಯ್ಡ್‌ಗಳಿಗೆ, ಅಂದರೆ ಗೇರ್ ಬದಲಿಸುವ ಕರೆಂಟ್ ವಾಲ್ವ್‌ಗಳಿಗೆ, ಹೋಗುವ ವೈರೆಲ್ಲ ಅದರ ಮೂಲಕವೇ. ಆ ಪ್ಲಗ್ ಕೂರುವ ಪ್ಲಾಸ್ಟಿಕ್ ಅಡಾಪ್ಟರ್‌ಗೆ ಎರಡು ಓ-ರಿಂಗ್, ಅಂದರೆ ರಬ್ಬರ್ ಬಳೆ. ಅವು ಬಿಗಿ ಕಳೆದುಕೊಂಡರೆ ಆಯಿಲ್ ಹೊರಗೆ ಜಿನುಗಿ, ಪ್ಯಾನಿನ ಅಂಚಿಗೆ ಇಳಿದು, ಅಲ್ಲಿಂದ ತೊಟ್ಟಿಕ್ಕುತ್ತದೆ. ನೋಡಿದವರಿಗೆ ಪ್ಯಾನ್ ಗ್ಯಾಸ್ಕೆಟ್ ಹೋಗಿದೆ ಅನ್ನಿಸುವುದು ಸಹಜ. ನಿಮ್ಮ ಮೊದಲನೇ ಮೆಕ್ಯಾನಿಕ್ ಮೋಸ ಹೋಗಿರುವುದು ಬಹುಶಃ ಇಲ್ಲೇ.

ಆದರೆ ನನಗೆ ನೆಲದ ಕಲೆಗಿಂತ ಜಾಸ್ತಿ ಚಿಂತೆ ಇನ್ನೊಂದು ದಾರಿಯದ್ದು. ಅದೇ ಪ್ಲಗ್ಗಿನ ಒಳಗಿಂದ ಆಯಿಲ್ ವೈರಿನ ಎಳೆಗಳ ನಡುವೆ ಸೇರಿಕೊಂಡು, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ, ನಿಧಾನವಾಗಿ ಮೇಲೆ ಏರುತ್ತದೆ. ಕೊನೆಗೆ ಗೇರ್‌ಬಾಕ್ಸ್ ಕಂಪ್ಯೂಟರಿನ ಕನೆಕ್ಟರ್ ತಲುಪುತ್ತದೆ. ಅಲ್ಲಿ ಪಿನ್‌ಗಳು ಒದ್ದೆಯಾದರೆ ಸಿಗ್ನಲ್ ತಪ್ಪುತ್ತದೆ, ಕಂಪ್ಯೂಟರ್ ಹೆದರಿ ಲಿಂಪ್ ಮೋಡ್‌ಗೆ, ಅಂದರೆ ಒಂದೇ ಗೇರಿನಲ್ಲಿ ಕುಂಟುತ್ತಾ ಮನೆ ಸೇರುವ ಸ್ಥಿತಿಗೆ, ಹೋಗುತ್ತದೆ. ಈ ಪೆಟ್ಟಿಗೆಯಲ್ಲಿ ಲಿಂಪ್ ಮೋಡ್ ಅಂದರೆ ಎರಡನೇ ಗೇರ್. ನಿಮ್ಮದು ಇದೇ ಅಂತ ಇಲ್ಲಿ ಕೂತು ಆಣೆ ಮಾಡುವುದಿಲ್ಲ. ಆಯಿಲ್ ಕಡಿಮೆಯಾದರೂ, ಒಳಗಿನ ಸ್ಪೀಡ್ ಸೆನ್ಸರ್ ಕೆಟ್ಟರೂ ಲಿಂಪ್ ಮೋಡ್ ಬರುತ್ತದೆ. ಸ್ಕ್ಯಾನರ್ ಹಾಕಿಸಿ ಕೋಡ್ ಓದಿಸಿ. ಕಂಪ್ಯೂಟರಿನ ಪ್ಲಗ್ ಬಿಚ್ಚಿ ಬೆರಳಿಟ್ಟು ನೋಡಿ. ಅಲ್ಲಿ ಆಯಿಲ್ ಇದ್ದರೆ ಮಾತು ಮುಗಿಯಿತು.

ಈಗ ಪತ್ತೆ ಮಾಡುವ ಕ್ರಮ. ಮೊದಲು ತೊಳೆಯಿರಿ. ಒದ್ದೆ ಗೇರ್‌ಬಾಕ್ಸ್ ನೋಡಿ ಲೀಕ್ ಹುಡುಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗಾಡಿ ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ಹರಡಿರುತ್ತದೆ, ಎಲ್ಲೆಲ್ಲೂ ಕೆಂಪು. ತಣ್ಣಗಾದ ಮೇಲೆ ಬ್ರೇಕ್ ಕ್ಲೀನರ್ ಹೊಡೆದು, ಬಟ್ಟೆಯಲ್ಲಿ ಪೂರ್ತಿ ಒರೆಸಿ. ವಾಟರ್ ಸರ್ವಿಸ್‌ನವರ ಪ್ರೆಷರ್ ಗನ್ ಆ ಪ್ಲಗ್ ಹತ್ತಿರ ಸುಳಿಯಕೂಡದು. ಒಣಗಿದ ಮೇಲೆ ಟಾಲ್ಕಮ್ ಪೌಡರ್ ಉದುರಿಸಿ. ಇಪ್ಪತ್ತು ನಿಮಿಷ ಓಡಿಸಿ, ನಿಲ್ಲಿಸಿ, ಕೆಳಗೆ ರಟ್ಟು ಹಾಸಿ. ಆಮೇಲೆ ನೋಡಿ. ಒದ್ದೆಯಾದ ಜಾಗಗಳಲ್ಲಿ ಅತಿ ಮೇಲಿನದು, ಅತಿ ಮುಂದಿನದು ಯಾವುದೋ ಅದೇ ಅಪರಾಧಿ. ಕೆಳಗಿನದೆಲ್ಲ ಬರೀ ದಾರಿ. ಇಷ್ಟರಲ್ಲಿ ಕಾಣದಿದ್ದರೆ ಆಯಿಲ್‌ಗೆ ಯುವಿ ಡೈ ಹಾಕಿ ನೀಲಿ ಲೈಟಿನಲ್ಲಿ ನೋಡಬಹುದು.

ಒಂದು ಮಾತು. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ, ಪಿಟ್ ಇಲ್ಲದಿದ್ದರೆ, ಈ ಕೆಲಸ ನಿಮ್ಮದಲ್ಲ.

ಪ್ಲಗ್ಗೇ ಅಂತ ಗೊತ್ತಾದರೆ ರಿಪೇರಿ ಚಿಕ್ಕದು. ಮೊದಲು ಪ್ಯಾನ್ ಡ್ರೇನ್ ಮಾಡಿ. ಪ್ಲಗ್ ಮೇಲಿನ ಹೀಟ್ ಶೀಲ್ಡ್ ತೆಗೆಯಿರಿ. ಪ್ಲಗ್ಗಿನ ಕಾಲರನ್ನು ಎಡಕ್ಕೆ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಒಳಗಡೆ 7 ಎಂಎಂ ತಲೆಯ ಒಂದೇ ಒಂದು ಬೋಲ್ಟ್. ಅದು ಬಂದರೆ ಅಡಾಪ್ಟರ್ ಕೈಗೆ ಬರುತ್ತದೆ. ಬರೀ ಓ-ರಿಂಗ್ ಬದಲಿಸಲು ಹೋಗಬೇಡಿ, ಅಡಾಪ್ಟರನ್ನೇ ಹೊಸದು ಹಾಕಿ. ಹಳೆ ಪ್ಲಾಸ್ಟಿಕ್ ಕೂಡ ಸೊಟ್ಟಗಾಗಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎಲ್ಲ ಸಿಗುತ್ತದೆ ನಿಜ, ಆದರೆ ಅಲ್ಲಿ ನಕಲಿಯೂ ಸಿಗುತ್ತದೆ. ಇಷ್ಟು ಅಗ್ಗದ ಭಾಗದಲ್ಲಿ ಉಳಿತಾಯ ಮಾಡಬೇಡಿ. ವೈರಿನ ಕಡೆಯ ಪ್ಲಗ್ಗಿಗೂ, ಕಂಪ್ಯೂಟರಿನ ಕನೆಕ್ಟರಿಗೂ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ವೈರಿನೊಳಗೆ ಉಳಿದ ಆಯಿಲ್ ಇನ್ನೂ ಕೆಲವು ವಾರ ಮೇಲೆ ಬರುತ್ತಲೇ ಇರುತ್ತದೆ. ಗಾಬರಿ ಬೇಡ. ಮತ್ತೊಮ್ಮೆ ಬಿಚ್ಚಿ ಒರೆಸಿ.

ಪ್ಯಾನ್ ಹೇಗೂ ಖಾಲಿಯಾಗಿದೆ, ಅದನ್ನು ಇಳಿಸಿ ಫಿಲ್ಟರ್ ಬದಲಿಸಿ, ಹಾಗೆಯೇ ಆ ಸಿಲಿಕೋನನ್ನು ಕೆರೆದು ತೆಗೆಯಿರಿ. ಈ ಪ್ಯಾನಿಗೆ ರಬ್ಬರ್ ಗ್ಯಾಸ್ಕೆಟ್ ಇದೆ, ಅದು ಏನೂ ಬಳಿಯದೆ ಹಾಗೇ ಕೂರಬೇಕು. ಸಿಲಿಕೋನ್ ಬಳಿದರೆ ಹೊರಗೆ ಕಾಣುವಷ್ಟೇ ಒಳಕ್ಕೂ ಹಿಂಡಿಕೊಳ್ಳುತ್ತದೆ. ಆ ಚೂರುಗಳು ಕಿತ್ತು ಬಂದು ಫಿಲ್ಟರ್ ಸೇರುತ್ತವೆ. ಇನ್ನು ಬೋಲ್ಟ್. ಇರುವುದು ಆರೇ ಆರು, ಬಿಗಿ ಬರೀ 8 ನ್ಯೂಟನ್ ಮೀಟರ್. ನಮ್ಮ ಹುಡುಗರು ವೀಲ್ ನಟ್ ಬಿಗಿಯುವ ಹುಮ್ಮಸ್ಸಿನಲ್ಲಿ ಇದನ್ನೂ ಬಿಗಿಯುತ್ತಾರೆ. ಪ್ಯಾನಿನ ಅಂಚು ಬಗ್ಗುತ್ತದೆ, ಆಮೇಲೆ ಯಾವ ಗ್ಯಾಸ್ಕೆಟ್ ಹಾಕಿದರೂ ಲೀಕ್. ನಿಮ್ಮ ಪ್ಯಾನಿನ ಅಂಚನ್ನು ಗಾಜಿನ ಮೇಲಿಟ್ಟು ನೋಡಿ. ಬಗ್ಗಿದ್ದರೆ ಹೊಸದೇ ಗತಿ.

ಹೊರಗೆ ಬಂದಷ್ಟೇ ಆಯಿಲ್ ಅಳೆದು ಹಾಕಿ. ಈ ಗೇರ್‌ಬಾಕ್ಸಿಗೆ ಮರ್ಸಿಡಿಸ್ ಒಪ್ಪಿದ 236.14 ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಆಗಿರಲಿ. ಈ ಗಾಡಿಯ ಗೇರ್‌ಬಾಕ್ಸಿಗೆ ಆಯಿಲ್ ಹಾಕುವ ಟ್ಯೂಬಿನಲ್ಲಿ ಡಿಪ್‌ಸ್ಟಿಕ್ ಇರುವುದಿಲ್ಲ, ಬರೀ ಮುಚ್ಚಳ. ಅಳೆಯುವ ಕಡ್ಡಿ ಬೇರೆ ಕೊಳ್ಳಬೇಕು. ಸಮತಟ್ಟಾದ ನೆಲ, ಎಂಜಿನ್ ಐಡಲ್, ಲಿವರ್ 'ಪಿ'ಯಲ್ಲಿ, ಆಯಿಲ್ 80 ಡಿಗ್ರಿ. ಹೀಗಿದ್ದಾಗಲೇ ಲೆವೆಲ್ ನೋಡಬೇಕು. ತಣ್ಣಗಿದ್ದಾಗ ಮೇಲಿನ ಗುರುತಿನವರೆಗೆ ತುಂಬಿದರೆ, ಬಿಸಿಯಾದಾಗ ಉಬ್ಬಿ ಜಾಸ್ತಿಯಾಗುತ್ತದೆ. ತಿರುಗುವ ಭಾಗಗಳು ಅದನ್ನು ಕಡೆದು ನೊರೆ ಮಾಡುತ್ತವೆ, ನೊರೆ ಗಾಳಿಯಾಡುವ ತೂತಿನಿಂದ (ಬ್ರೀದರ್) ಉಕ್ಕುತ್ತದೆ. ಆಗ ನೀವು "ಇನ್ನೂ ಲೀಕ್" ಅಂತ ನನಗೇ ಪತ್ರ ಬರೆಯುತ್ತೀರಿ.

ತೊಳೆದ ಮೇಲೆ ಪ್ಲಗ್ ಒಣಗಿದ್ದು, ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಬೆಲ್ ಹೌಸಿಂಗ್ ಕೆಳಗಿಂದ ಕೆಂಪು ಆಯಿಲ್ ಬಂದರೆ ಮಾತ್ರ ಗೇರ್‌ಬಾಕ್ಸ್ ಇಳಿಸಬೇಕು. ಅದು ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಸೀಲ್ ಅಥವಾ ಪಂಪಿನ ಓ-ರಿಂಗ್. ಆಗಲೂ ಓವರ್‌ಹಾಲ್ ಬೇಕಿಲ್ಲ, ಸೀಲ್ ಬದಲಿಸಿದರೆ ಸಾಕು. ಅಲ್ಲಿಂದ ಕಪ್ಪು ಆಯಿಲ್ ಬಂದರೆ ಅದು ಎಂಜಿನ್ನಿನ ಹಿಂದಿನ ಸೀಲ್ ಇರಬಹುದು. ಆದರೆ ವರ್ಷಗಟ್ಟಲೆ ಬದಲಿಸದ ಎಟಿಎಫ್ ಕೂಡ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಬಣ್ಣವೊಂದನ್ನೇ ನಂಬಬೇಡಿ. ಹಿಂದಿನ ಶಾಫ್ಟ್ ಸೀಲ್, ಕೂಲರ್ ಪೈಪಿನ ರಬ್ಬರ್ ಮತ್ತು ಲೋಹ ಸೇರುವ ಜಾಗ, ಇವನ್ನೂ ಒಮ್ಮೆ ನೋಡಿಬಿಡಿ.

ಪ್ರಶ್ನೆ: ಲೀಕ್ ನಿಲ್ಲಿಸುವ ಬಾಟಲಿ ಹಾಕಬಹುದಾ? ನಮ್ಮ ಮೆಕ್ಯಾನಿಕ್ ಸ್ವಲ್ಪ ಬ್ರೇಕ್ ಆಯಿಲ್ ಹಾಕಿದರೂ ಸಾಕು ಅಂತಾರೆ.

ಬ್ರೇಕ್ ಆಯಿಲ್ ರಬ್ಬರನ್ನು ಉಬ್ಬಿಸುತ್ತದೆ, ಹಾಗಾಗಿ ಕೆಲವು ದಿನ ಲೀಕ್ ನಿಂತ ಹಾಗೆ ಕಾಣುತ್ತದೆ. ಆಮೇಲೆ ಒಳಗಿನ ಸೀಲ್‌ಗಳೆಲ್ಲ ಮೆತ್ತಗಾಗಿ ಹಾಳಾಗುತ್ತವೆ. ಅಷ್ಟರಲ್ಲಿ ಮೆಕ್ಯಾನಿಕ್ ದುಡ್ಡು ತೆಗೆದುಕೊಂಡಿರುತ್ತಾನೆ. ಬಾಟಲಿಯೂ ಅದೇ ಜಾತಿ, ಸ್ವಲ್ಪ ಸಭ್ಯ ಅಷ್ಟೆ. ಎರಡೂ ಬೇಡ.

ಪ್ರಶ್ನೆ: ಎಸಿ ಹಾಕಿ ಓಡಿಸಿದ ಮೇಲೆ ಗಾಡಿ ಕೆಳಗೆ ತೊಟ್ಟಿಕ್ಕುತ್ತದೆ. ಗೇರ್‌ಬಾಕ್ಸಾ?

ನೀರು. ಮುಂದಿನ ಪ್ರಶ್ನೆ.

ಪ್ರಶ್ನೆ: ಗಾಡಿ ವಾರ ನಿಂತರೆ ಮಾತ್ರ ಸೋರುತ್ತೆ, ದಿನಾ ಓಡಿಸಿದರೆ ಇಲ್ಲ. ಯಾಕೆ?

ನಿಂತ ಗಾಡಿಯಲ್ಲಿ ಕನ್ವರ್ಟರಿನ ಆಯಿಲ್ ಪ್ಯಾನಿಗೆ ಇಳಿಯುತ್ತದೆ, ಒಳಗಿನ ಮಟ್ಟ ಏರುತ್ತದೆ. ಮಾಮೂಲಿ ಮಟ್ಟಕ್ಕಿಂತ ಮೇಲಿರುವ ಯಾವುದೋ ಸೀಲ್ ಹೋಗಿದೆ, ಲಿವರ್ ಶಾಫ್ಟಿನದೋ ಪ್ಲಗ್ಗಿನದೋ. ಅಲ್ಲಿ ಹುಡುಕಿ.

ಪ್ರಶ್ನೆ: ರೇಡಿಯೇಟರಿನ ನೀರು ಸ್ಟ್ರಾಬೆರಿ ಮಿಲ್ಕ್‌ಶೇಕ್ ಬಣ್ಣಕ್ಕೆ ತಿರುಗಿದೆ. ಮುಂದಿನ ಸರ್ವಿಸ್‌ವರೆಗೆ ಓಡಿಸಬಹುದಾ?

ಬೇಡ. ಇವತ್ತೇ ನಿಲ್ಲಿಸಿ, ಸ್ಟಾರ್ಟ್ ಕೂಡ ಮಾಡಬೇಡಿ. ರೇಡಿಯೇಟರಿನೊಳಗಿನ ಆಯಿಲ್ ಕೂಲರ್ ಒಡೆದಿರಬೇಕು. ಹೊರಗೆ ಒಂದು ಹನಿ ಬೀಳದೆ ಆಯಿಲ್ ನೀರಿಗೆ, ನೀರು ಗೇರ್‌ಬಾಕ್ಸಿಗೆ ಹೋಗುತ್ತಿದೆ. ಕೂಲೆಂಟ್ ಕ್ಲಚ್ ಪ್ಲೇಟಿನ ಅಂಟನ್ನೇ ಬಿಡಿಸುತ್ತದೆ. ಗಾಡಿಯನ್ನು ಫ್ಲಾಟ್‌ಬೆಡ್ ಮೇಲೆ ಹೇರಿಸಿ ಕಳಿಸಿ. ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಆಫ್ ಇದ್ದರೆ ಪಂಪ್ ತಿರುಗುವುದಿಲ್ಲ, ಚಕ್ರ ಮಾತ್ರ ತಿರುಗಿ, ಒಳಗಿನ ಭಾಗಗಳು ಆಯಿಲ್ ಇಲ್ಲದೆ ಉಜ್ಜುತ್ತವೆ. ರೇಡಿಯೇಟರ್ ಬದಲಿಸಿ, ಗೇರ್‌ಬಾಕ್ಸ್, ಕನ್ವರ್ಟರ್, ಪೈಪ್ ಎಲ್ಲವನ್ನೂ ಹೊಸ ಆಯಿಲ್‌ನಲ್ಲಿ ಮತ್ತೆ ಮತ್ತೆ ತೊಳೆಯಬೇಕು. ಬೇಗ ಗೊತ್ತಾಗಿದ್ದರೆ ಉಳಿಯಬಹುದು.

ಪ್ರಶ್ನೆ: ಹೋಂಡಾ ಆಟೊಮ್ಯಾಟಿಕ್‌ನಲ್ಲೂ ಎಂಜಿನ್ ಆನ್ ಇಟ್ಟೇ ಲೆವೆಲ್ ನೋಡಬೇಕಾ?

ಅಲ್ಲ. ಹೋಂಡಾದ ಹಳೆ ಆಟೊಮ್ಯಾಟಿಕ್‌ಗಳಲ್ಲಿ ಬಿಸಿ ಮಾಡಿ, ಎಂಜಿನ್ ಆಫ್ ಮಾಡಿ, ಒಂದೂವರೆ ನಿಮಿಷದೊಳಗೆ ನೋಡಬೇಕು. ನಿಮ್ಮ ಗಾಡಿಯ ಪುಸ್ತಕ ಡ್ಯಾಶ್‌ಬೋರ್ಡ್ ಡಬ್ಬದಲ್ಲೇ ಇದೆ ಅಲ್ವಾ?

ಪ್ರಶ್ನೆ: ಹಳೆ ಆಯಿಲ್ ಬದಲಿಸಿದರೆ ಗೇರ್‌ಬಾಕ್ಸ್ ಕೆಡುತ್ತೆ ಅಂತಾರೆ, ನಿಜವಾ?

ಆಯಿಲ್ ಸುಟ್ಟ ವಾಸನೆ ಬಂದು, ಗೇರ್ ಜಾರಲು ಶುರುವಾದ ಮೇಲೆ ಬದಲಿಸುತ್ತಾರೆ. ಹೇಗೂ ಸಾಯಲಿದ್ದ ಪೆಟ್ಟಿಗೆ ಸಾಯುತ್ತದೆ, ಬೈಗುಳ ಹೊಸ ಆಯಿಲ್‌ಗೆ. ಗೇರ್ ಸರಿಯಾಗಿ ಬೀಳುತ್ತಿರುವಾಗಲೇ ಬದಲಿಸಿ. ಮಷಿನ್ ಹಾಕಿ ಫ್ಲಷ್ ಮಾಡಿಸುವ ಆಸೆ ಬಿಡಿ, ಪ್ಯಾನ್ ಇಳಿಸಿ ಫಿಲ್ಟರ್ ಹಾಕಿಸಿ. ಪ್ಯಾನಿನ ತಳದ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ಮೆತ್ತನೆ ಕೆಸರಿದ್ದರೆ ಪರವಾಗಿಲ್ಲ. ಲೋಹದ ಚೂರು ಕಂಡರೆ ಫೋಟೋ ತೆಗೆದು ಕಳಿಸಿ. ಆಗ ಓವರ್‌ಹಾಲ್ ಬಗ್ಗೆ ಮಾತಾಡೋಣ.