ಇಪ್ಪತ್ತೇಳರಲ್ಲಿ ವಿಮಾನ ಕಸರತ್ತು ಕಲಿಯಬಹುದೇ?

ಮಾನ್ಯರೇ, ಮಣಿಪಾಲದಲ್ಲಿ ಉದ್ಯೋಗದಲ್ಲಿರುವ ನಿಮ್ಮ ಮಗಳಿಗೆ ಇಪ್ಪತ್ತೇಳು ತುಂಬಿರುವುದರಿಂದ ವಿಮಾನ ಕಸರತ್ತು ಕಲಿಯಲು ತಡವಾಯಿತೇ, ಅಮೆರಿಕದ ಹೆಸರಾಂತ ವಿಮಾನ ಕಸರತ್ತುಗಾರ್ತಿ ಪ್ಯಾಟಿ ವ್ಯಾಗ್‌ಸ್ಟಾಫ್ ಬಾಲ್ಯದಿಂದಲೇ ವಿಮಾನ ಹಾರಿಸುತ್ತಿದ್ದರೇ ಎಂದು ಕೇಳಿದ್ದೀರಿ. ಇಲ್ಲ. ಅವರು ಹುಟ್ಟಿದ್ದು 1951ರಲ್ಲಿ. ತಂದೆ ಜಪಾನ್ ಏರ್‌ಲೈನ್ಸ್‌ನಲ್ಲಿ ಪೈಲಟ್ ಆಗಿದ್ದರೂ ಮಗಳು ಹಾರಾಟ ಕಲಿತದ್ದು ಅಲಾಸ್ಕಾಕ್ಕೆ ಹೋದ ಮೇಲೆ, ಮೂವತ್ತರ ಆಸುಪಾಸಿನಲ್ಲಿ. ಆಮೇಲಿನ ವೇಗ ಮಾತ್ರ ಬೆರಗು ಹುಟ್ಟಿಸುವಂಥದ್ದು: 1985ರಲ್ಲಿ ಅಮೆರಿಕದ ಏರೋಬ್ಯಾಟಿಕ್ (ವಿಮಾನ ಕಸರತ್ತು) ತಂಡ ಸೇರಿದ ಅವರು, 1991ರಲ್ಲಿ ಗಂಡಸರೂ ಹೆಂಗಸರೂ ಒಟ್ಟಿಗೆ ಸ್ಪರ್ಧಿಸುವ ರಾಷ್ಟ್ರೀಯ ಚಾಂಪಿಯನ್‌ಷಿಪ್ ಗೆದ್ದ ಮೊದಲ ಮಹಿಳೆಯಾದರು ಮತ್ತು ಮುಂದಿನ ಎರಡು ವರ್ಷವೂ ಆ ಪಟ್ಟವನ್ನು ಬಿಟ್ಟುಕೊಡಲಿಲ್ಲ. ಅವರ ಎಕ್ಸ್‌ಟ್ರಾ 260 ವಿಮಾನ ಸ್ಮಿತ್‌ಸೋನಿಯನ್ ಸಂಗ್ರಹಾಲಯ ಸೇರಿದೆ.

ಈ ವಿದ್ಯೆಯಲ್ಲಿ ವಯಸ್ಸಿಗಿಂತ ದೇಹದ ಅಭ್ಯಾಸವೇ ದೊಡ್ಡದು. ವಿಮಾನವನ್ನು ರಭಸದಿಂದ ಮೇಲಕ್ಕೆತ್ತಿದಾಗ ರಕ್ತ ಕಾಲಿನ ಕಡೆಗಿಳಿದು ಕಣ್ಣು ಕತ್ತಲಿಡುತ್ತದೆ, ತಲೆಕೆಳಗಾಗಿ ಹಾರುವಾಗ ಅದೇ ರಕ್ತ ತಲೆಗೇರುತ್ತದೆ. ಇವೆರಡನ್ನೂ ಸಹಿಸುವ ಶಕ್ತಿ ನಿಧಾನವಾಗಿ ಬರುತ್ತದೆ, ಹಾರಾಟ ನಿಲ್ಲಿಸಿದರೆ ಬೇಗನೆ ಕುಂದುತ್ತದೆ.

ನಮ್ಮ ದೇಶದ ತೊಡಕು ಬೇರೆಯೇ ಇದೆ. ಕಸರತ್ತು ಪ್ರದರ್ಶಿಸುವ ಸೂರ್ಯಕಿರಣ್, ಸಾರಂಗ್ ಎರಡೂ ವಾಯುಪಡೆಯ ತಂಡಗಳು. ಸಾರಂಗ್‌ನಲ್ಲಿ ದೀಪಿಕಾ ಮಿಶ್ರಾ ಹೆಲಿಕಾಪ್ಟರ್ ಹಾರಿಸಿದ್ದಾರೆ ನಿಜ, ಆದರೆ ವಾಯುಪಡೆಯ ಹಾರಾಟ ವಿಭಾಗಕ್ಕೆ ಸೇರುವ ವಯಸ್ಸನ್ನು ನಿಮ್ಮ ಮಗಳು ದಾಟಿದ್ದಾರೆ. ಉಳಿದಿರುವುದು ನಾಗರಿಕ ದಾರಿ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿದ್ದರೆ ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಿ, ಬಳಿಕ ಬೆಂಗಳೂರಿನ ಜಕ್ಕೂರಿನ ಸರ್ಕಾರಿ ವೈಮಾನಿಕ ಶಾಲೆಯಲ್ಲಿ ವಿಚಾರಿಸಿ. ವಾಣಿಜ್ಯ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಕಸರತ್ತಿನ ತರಬೇತಿಗೆ ಆಮೇಲೆ ವಿದೇಶಕ್ಕೇ ಹೋಗಬೇಕಾದೀತು, ಹಣವನ್ನೂ ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ.